ಆಲ್ಪ್ಸ್‌ನಲ್ಲಿ ಮೊದಲ ಸ್ಕೀ ರಜೆ: ಇಬ್ಬರು ಮಕ್ಕಳು, ಒಬ್ಬರು ಅಜ್ಜಿ, ಒಂದೇ ವಾರ. ಯಾವ ಊರಿಗೆ ಹೋಗುವುದು?

ಮೊದಲಹಿಮ

ಎಲ್ಲರಿಗೂ ನಮಸ್ಕಾರ. ಮುಂದಿನ ಚಳಿಗಾಲದಲ್ಲಿ ನಮ್ಮ ಕುಟುಂಬ ಒಂದು ವಾರ ಆಲ್ಪ್ಸ್‌ನಲ್ಲಿ ಸ್ಕೀ ರಜೆ ಕಳೆಯಬೇಕೆಂದಿದೆ. ನಾನು, ನನ್ನ ಪತ್ನಿ, 9 ವರ್ಷದ ಮಗಳು, 4 ವರ್ಷದ ಮಗ ಮತ್ತು 68 ವರ್ಷದ ನನ್ನ ತಾಯಿ, ಹೀಗೆ ಐವರು. ನಾನು ಹಿಂದೊಮ್ಮೆ ನಾಲ್ಕು ದಿನ ಸ್ಕೀ ಕಲಿತಿದ್ದೇನೆ. ಉಳಿದವರು ಇನ್ನೂ ಕಾಲಿಗೆ ಸ್ಕೀ ಕಟ್ಟಿದವರಲ್ಲ. ತಾಯಿಯವರು ಸ್ಕೀ ಮಾಡುವುದಿಲ್ಲ, ಆದರೆ ಹಿಮ ನೋಡಬೇಕೆಂಬ ಆಸೆ ನಮ್ಮೆಲ್ಲರಿಗಿಂತ ಅವರಿಗೇ ಹೆಚ್ಚು.

ಮೂರು ವಾರಗಳಿಂದ ಪ್ರತಿ ರಾತ್ರಿ ನಕ್ಷೆಗಳನ್ನು ನೋಡಿ ಒಂದು ಕೋಷ್ಟಕ ತಯಾರಿಸಿದ್ದೇನೆ. ಫ್ರಾನ್ಸ್‌ನ ವಾಲ್ ಥೊರೆನ್ಸ್ 2,300 ಮೀಟರ್ ಎತ್ತರದಲ್ಲಿದೆ ಮತ್ತು 600 ಕಿಲೋಮೀಟರ್ ಇಳಿಜಾರುಗಳಿರುವ 'ಮೂರು ಕಣಿವೆ'ಗಳ ಪ್ರದೇಶಕ್ಕೆ ಸೇರಿದೆ. ಸ್ವಿಟ್ಜರ್ಲೆಂಡಿನ ಜೆರ್ಮಾಟ್‌ನಲ್ಲಿ ಮ್ಯಾಟರ್‌ಹಾರ್ನ್ ಶಿಖರ ಕಣ್ಣೆದುರೇ ಇರುತ್ತದೆ. ಆಸ್ಟ್ರಿಯಾದ ಸೆರ್ಫಾವುಸ್ ಮಕ್ಕಳಿಗೆ ಒಳ್ಳೆಯದೆಂದು ಕೇಳಿದ್ದೇನೆ, ಆದರೆ ಕೋಷ್ಟಕದಲ್ಲಿ ಅದು ಮೂರನೆಯ ಸ್ಥಾನದಲ್ಲಿದೆ. ಹಿಮ ಖಚಿತ ಎಂಬ ಕಾರಣಕ್ಕೆ ನನ್ನ ಮನಸ್ಸು ವಾಲ್ ಥೊರೆನ್ಸ್ ಕಡೆಗೆ ವಾಲುತ್ತಿದೆ. ಫೆಬ್ರವರಿ ಒಳ್ಳೆಯದೋ ಮಾರ್ಚ್ ಒಳ್ಳೆಯದೋ ಎಂಬುದನ್ನೂ, ಬೇರೆ ಏನೇನು ಗಮನಿಸಬೇಕೆಂಬುದನ್ನೂ ದಯವಿಟ್ಟು ತಿಳಿಸಿ.

ಇನ್‌ಕಣಿವೆ

ಸರ್, ನಿಮ್ಮ ಕೋಷ್ಟಕದಿಂದ 600 ಕಿಲೋಮೀಟರಿನ ಅಂಕಣವನ್ನು ಮೊದಲು ಅಳಿಸಿಬಿಡಿ. ಮೊದಲ ವಾರ ನಿಮ್ಮ ಮಗ ಐವತ್ತು ಮೀಟರಿನ ಚಲಿಸುವ ಪಟ್ಟಿಯ ಮೇಲೆ ನಿಂತು ಮೇಲೇರಿ ಕೆಳಗಿಳಿಯುತ್ತಾನೆ. ಮಗಳು ಮತ್ತು ನಿಮ್ಮ ಪತ್ನಿಯವರು ವಾರಾಂತ್ಯದ ವೇಳೆಗೆ ಎರಡೋ ಮೂರೋ ಸುಲಭದ ಇಳಿಜಾರುಗಳನ್ನು ಇಳಿದರೆ ಅದೇ ದೊಡ್ಡ ಸಾಧನೆ. ಉಳಿದ 590 ಕಿಲೋಮೀಟರಿಗೆ ನೀವು ಹಣ ಕೊಡುತ್ತೀರಿ, ಬೇರೆಯವರು ಜಾರುತ್ತಾರೆ.

ಅದರ ಬದಲು ಮತ್ತೊಂದು ಅಂಕಣ ಸೇರಿಸಿ: ಹಾಸಿಗೆಯಿಂದ ಮಕ್ಕಳ ಸ್ಕೀ ಶಾಲೆಗೆ ಎಷ್ಟು ದೂರ? ಗಡುಸಾದ ಸ್ಕೀ ಬೂಟು ತೊಟ್ಟು, ಒಂದು ಭುಜದ ಮೇಲೆ ನಿಮ್ಮ ಸ್ಕೀ, ಇನ್ನೊಂದು ಕೈಯಲ್ಲಿ ಮಗನ ಸ್ಕೀ ಹಿಡಿದು, ಕೈಗವಸು ಕಳೆದುಕೊಂಡು ಅಳುತ್ತಿರುವ ಮಗುವನ್ನು ಎಳೆದುಕೊಂಡು ಹೋಗುವಾಗ ಮುನ್ನೂರು ಮೀಟರ್ ಎಂದರೆ ಏನೆಂಬುದು ತಿಳಿಯುತ್ತದೆ. ನಾನು ಸೆರ್ಫಾವುಸ್ ಇರುವ ಇನ್ ನದಿಯ ಕಣಿವೆಯಲ್ಲಿ ಹನ್ನೊಂದು ಚಳಿಗಾಲ ಕಳೆದಿದ್ದೇನೆ. ರಜೆಗೆ ಬಂದ ಕುಟುಂಬಗಳ ಜಗಳ ನಡೆಯುವುದು ಬೆಟ್ಟದ ಮೇಲಲ್ಲ, ಬೆಳಿಗ್ಗೆ ಒಂಬತ್ತೂವರೆಗೆ ಈ ಮುನ್ನೂರು ಮೀಟರಿನಲ್ಲಿ.

ಸೆರ್ಫಾವುಸ್ ಈ ವಿಷಯದಲ್ಲಿ ಜಾಣ ಊರು. ಹಗಲಿನಲ್ಲಿ ಊರೊಳಗೆ ವಾಹನಗಳಿಗೆ ನಿರ್ಬಂಧವಿದ್ದು, 1985ರಿಂದ ನೆಲದಡಿಯಲ್ಲಿ ಒಂದು ಪುಟ್ಟ ರೈಲು ಊರ ಬಾಗಿಲಿನಿಂದ, ಬೆಟ್ಟದ ಮೇಲಕ್ಕೆ ಒಯ್ಯುವ ಲಿಫ್ಟ್‌ಗಳ ನಿಲ್ದಾಣದವರೆಗೆ ಉಚಿತವಾಗಿ ಓಡುತ್ತಿದೆ. ಅದು ಹಳಿಗಳ ಮೇಲಲ್ಲ, ಗಾಳಿಯ ಮೆತ್ತೆಯ ಮೇಲೆ ತೇಲುತ್ತ ಹೋಗುತ್ತದೆ ಎಂದು ಹೇಳಿದರೆ ನಿಮ್ಮ ಮಗ ಸ್ಕೀಯನ್ನೇ ಮರೆತಾನು.

ಕಪ್ಪುಇಳಿಜಾರು

ಇದನ್ನು ನಾನು ಒಪ್ಪುವುದಿಲ್ಲ. ಹಿಮವೇ ಇಲ್ಲದಿದ್ದರೆ ಶಾಲೆ ಹತ್ತಿರವಿದ್ದು ಏನು ಪ್ರಯೋಜನ? 1964ರ ಚಳಿಗಾಲದ ಒಲಿಂಪಿಕ್ಸ್ ಇನ್ಸ್‌ಬ್ರುಕ್‌ನಲ್ಲಿ ನಡೆದಾಗ ಹಿಮ ಸಾಲದೆ, ಆಸ್ಟ್ರಿಯಾದ ಸೈನಿಕರು ಬೆಟ್ಟದ ಮೇಲಿನಿಂದ ಹಿಮ ತಂದು ಸ್ಪರ್ಧೆಯ ಹಾದಿಗಳಿಗೆ ಹಾಸಬೇಕಾಯಿತು. ಅರವತ್ತು ವರ್ಷದ ಹಿಂದಿನ ಚಳಿಯಲ್ಲೇ ಆ ಗತಿಯಾದರೆ ಈಗಿನ ಚಳಿಗಾಲಗಳನ್ನು ನಂಬುವುದು ಹೇಗೆ? ತಗ್ಗಿನ ಊರುಗಳಲ್ಲಿ ಹಸಿರು ಹುಲ್ಲಿನ ನಡುವೆ ಬಿಳಿಯ ಪಟ್ಟಿ ಹಾಸಿದಂತೆ ಕೃತಕ ಹಿಮ ಮಾತ್ರ ಇದ್ದ ವಾರಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕೃತಕ ಹಿಮಕ್ಕೂ ಒಣ ಚಳಿ ಬೇಕು, ಬರೀ ಯಂತ್ರವಿದ್ದರೆ ಸಾಲದು.

ಇನ್ನು, ವಾಲ್ ಥೊರೆನ್ಸ್‌ನಂಥ ಊರುಗಳನ್ನು ಸ್ಕೀಗೆಂದೇ ಕಟ್ಟಿದ್ದಾರೆ. ಅನೇಕ ವಸತಿಗಳಲ್ಲಿ ಬಾಗಿಲು ತೆರೆದರೆ ಹಿಮವೇ ಎದುರಾಗುತ್ತದೆ. ತಾವು ಹೇಳಿದ ಮುನ್ನೂರು ಮೀಟರಿನ ಪ್ರಶ್ನೆ ಅಲ್ಲಿ ಹುಟ್ಟುವುದೇ ಇಲ್ಲ.

ಇನ್‌ಕಣಿವೆ

ಎತ್ತರಕ್ಕೂ ಬೆಲೆಯಿದೆ, ಸ್ವಾಮಿ. ಸಾವಿರ ಮೀಟರ್ ಏರಿದರೆ ತಾಪಮಾನ ಸುಮಾರು 6.5 ಡಿಗ್ರಿ ಇಳಿಯುತ್ತದೆ. ವಾಲ್ ಥೊರೆನ್ಸ್ ಮರಗಳು ಬೆಳೆಯುವ ಎತ್ತರಕ್ಕಿಂತ ಮೇಲಿದೆ. ಮೋಡ ಕವಿದು ಹಿಮ ಬೀಳತೊಡಗಿದರೆ ನೆಲ ಯಾವುದು, ಆಕಾಶ ಯಾವುದು ಎಂದು ಗೊತ್ತಾಗುವುದಿಲ್ಲ, ಕಣ್ಣಿಗೆ ಆಧಾರವಾಗಿ ಒಂದು ಮರವೂ ಸಿಗುವುದಿಲ್ಲ. ಗಾಳಿ ಜೋರಾದರೆ ಮೇಲಿನ ಲಿಫ್ಟ್‌ಗಳನ್ನು ನಿಲ್ಲಿಸುತ್ತಾರೆ. ಅನುಭವಿಗೆ ಅದು ಒಂದು ದಿನದ ಬೇಸರ. ನಾಲ್ಕು ವರ್ಷದ ಮಗುವಿಗೆ ಅದು ಸ್ಕೀ ಮೇಲಿನ ಆಜೀವ ದ್ವೇಷಕ್ಕೆ ಮುನ್ನುಡಿಯಾಗಬಹುದು. 2,300 ಮೀಟರಿನಲ್ಲಿ ಮೊದಲೆರಡು ರಾತ್ರಿ ನಿದ್ದೆ ಕೆಡುವುದು, ತಲೆನೋವು ಬರುವುದು ಅಪರೂಪವೇನಲ್ಲ, ಅಜ್ಜಿಯವರಿಗಂತೂ ವೈದ್ಯರನ್ನು ಒಮ್ಮೆ ಕೇಳಿಯೇ ಹೊರಡಬೇಕು.

ಮಲಗುವ ಊರು ಎತ್ತರದಲ್ಲಿರಬೇಕಿಲ್ಲ, ಸ್ಕೀ ಮಾಡುವ ಜಾಗ ಎತ್ತರದಲ್ಲಿದ್ದರೆ ಸಾಕು. ಸೆರ್ಫಾವುಸ್ ಊರು 1,427 ಮೀಟರಿನಲ್ಲಿದೆ, ಇಳಿಜಾರುಗಳು 2,800 ಮೀಟರಿನ ಆಸುಪಾಸಿನವರೆಗೂ ಇವೆ, ಮಕ್ಕಳ ಜಾಗವೂ ಗೊಂಡೋಲಾ, ಅಂದರೆ ತಂತಿಯ ಮೇಲೆ ತೂಗುತ್ತ ಹೋಗುವ ಮುಚ್ಚಿದ ಡಬ್ಬಿ, ಏರಿದ ಮೇಲೆಯೇ ಸಿಗುತ್ತದೆ.

ಕಪ್ಪುಇಳಿಜಾರು

ಮಗುವನ್ನು ದಿನವೂ ಗೊಂಡೋಲಾದಲ್ಲಿ ಹೊತ್ತೊಯ್ಯಬೇಕು ಎಂದಾಯಿತು. ಮುನ್ನೂರು ಮೀಟರ್ ನಡೆಯುವುದಕ್ಕಿಂತ ಅದು ಹೇಗೆ ಸುಲಭವೆಂದು ತಿಳಿಸಿದರೆ ಉಪಕಾರವಾದೀತು.

ಎರಡುಜಡೆ

ನೀವಿಬ್ಬರೂ ಎತ್ತರವನ್ನು ಅಳೆಯುತ್ತ ಇರಿ, ನಾನು ಬೂಟಿನ ವಿಷಯ ಹೇಳುತ್ತೇನೆ. ನಮ್ಮ ಮೊದಲ ರಜೆ ಹಾಳಾಗಿದ್ದು ಹಿಮದಿಂದಲ್ಲ, ಬೂಟಿನಿಂದ.

ಶನಿವಾರ ಸಂಜೆ ಬಾಡಿಗೆ ಅಂಗಡಿಯಲ್ಲಿ ಐವತ್ತು ಜನ ಸಾಲಾಗಿ ನಿಂತಿದ್ದರು. ನಮ್ಮ ಸರದಿ ಬಂದಾಗ ಅಲ್ಲಿನ ಹುಡುಗ ನನ್ನ ಎಂಟು ವರ್ಷದ ಮಗಳ ಪಾದವನ್ನು ಅಳೆಯದೆಯೇ, ಮಾಮೂಲಿ ಶೂ ಅಳತೆ ಕೇಳಿ, "ಬೆರಳಿಗೆ ಜಾಗವಿರಲಿ" ಎಂದು ಒಂದೂವರೆ ಅಳತೆ ದೊಡ್ಡದನ್ನು ಕೊಟ್ಟ. ತೊಟ್ಟಾಗ ಹಾಯಾಗಿತ್ತು, ನಾವೂ ಸುಮ್ಮನಾದೆವು. ಬೂಟಿನೊಳಗೆ ಕಾಲು ಓಡಾಡತೊಡಗಿದರೆ ಸ್ಕೀ ಮಾತು ಕೇಳುವುದಿಲ್ಲ. ಅದಕ್ಕೆ ಮಗು ಕೊಕ್ಕೆಗಳನ್ನು ಇನ್ನಷ್ಟು ಬಿಗಿದಳು, ಎರಡನೆಯ ದಿನಕ್ಕೆ ಮೊಣಕಾಲಿನ ಕೆಳಗೆ ಮುಂದಿನ ಎಲುಬಿನ ಮೇಲೆ ನೀಲಿಗಟ್ಟಿತು. ಮೂರನೆಯ ದಿನ ಬೂಟು ಕಂಡರೆ ಅಳು. ಕೊನೆಗೆ ಬುದ್ಧಿ ಬಂದಿದ್ದು ಅವಳ ಶಿಕ್ಷಕಿ ಕಾಲನ್ನು ಮುಟ್ಟಿ ನೋಡಿ, "ಇದು ಇವಳ ಅಣ್ಣನ ಬೂಟೇ?" ಎಂದು ಕೇಳಿದಾಗ.

ಆಮೇಲೆ ಕಲಿತದ್ದನ್ನು ಹೇಳುತ್ತೇನೆ. ನೆಟ್ಟಗೆ ನಿಂತಾಗ ಬೆರಳ ತುದಿ ಬೂಟಿನ ಮುಂಭಾಗಕ್ಕೆ ತಾಕಬೇಕು, ಮೊಣಕಾಲು ಮುಂದಕ್ಕೆ ಬಾಗಿಸಿದಾಗ ಅದು ಸ್ವಲ್ಪ ಹಿಂದೆ ಸರಿಯಬೇಕು. ಹಿಮ್ಮಡಿ ಮೇಲೇಳಲೇಬಾರದು. ಕಾಲುಚೀಲ ಒಂದೇ ಒಂದು, ತೆಳುವಾದದ್ದು, ಮೊಣಕಾಲಿನವರೆಗೆ ಬರುವಂಥದ್ದು. ಬೆಚ್ಚಗಿರಲೆಂದು ಎರಡು ತೊಡಿಸಿದರೆ ಅದು ಸುಕ್ಕುಗಟ್ಟಿ ಕಾಲನ್ನು ಕೊರೆಯುತ್ತದೆ, ರಕ್ತ ಸಂಚಾರ ಕುಗ್ಗಿ ಪಾದ ಇನ್ನೂ ತಣ್ಣಗಾಗುತ್ತದೆ. ಪ್ಯಾಂಟಿನ ಒಳಪದರವನ್ನೂ ಬೂಟಿನೊಳಗೆ ತುರುಕಬಾರದು. ಅಳತೆ ಸರಿಯಿಲ್ಲವೆನಿಸಿದರೆ ಮೊದಲ ದಿನವೇ ಅಂಗಡಿಗೆ ಹಿಂತಿರುಗಿ, ಬದಲಿಸಿಕೊಡುತ್ತಾರೆ. ನಾವು ಸಂಕೋಚಪಟ್ಟು ಮೂರು ದಿನ ಕಳೆದುಕೊಂಡೆವು.

ಹಳೆಬಕಲ್

ಅಕ್ಕ ಹೇಳಿದ್ದೆಲ್ಲ ಸರಿ, ಒಂದನ್ನು ಸೇರಿಸುತ್ತೇನೆ. ಸ್ಕೀ ಬೂಟಿನ ಅಳತೆ ಮಾಮೂಲಿ ಶೂ ಸಂಖ್ಯೆಯಲ್ಲ, ಪಾದದ ಉದ್ದ ಸೆಂಟಿಮೀಟರುಗಳಲ್ಲಿ. ಮನೆಯಲ್ಲೇ ಗೋಡೆಗೆ ಹಿಮ್ಮಡಿ ತಾಗಿಸಿ ಎಲ್ಲರ ಪಾದ ಅಳೆದು ಬರೆದುಕೊಂಡು ಹೋಗಿ.

ಮತ್ತೊಂದು ಮಾತು: ಬಾಡಿಗೆ ಅಂಗಡಿಯಲ್ಲಿ ತೂಕ ಕೇಳುತ್ತಾರೆ, ಅಲ್ಲಿ ಸುಳ್ಳು ಹೇಳಬೇಡಿ. ಬಿದ್ದಾಗ ಬೂಟಿನಿಂದ ಸ್ಕೀ ಕಳಚಿಕೊಳ್ಳಲು ಎಷ್ಟು ಬಲ ಬೇಕೆಂಬುದನ್ನು ತೂಕ, ಎತ್ತರ, ವಯಸ್ಸು, ಬೂಟಿನ ಅಟ್ಟೆಯ ಉದ್ದ ಮತ್ತು ಸ್ಕೀಯಲ್ಲಿನ ಅನುಭವ ನೋಡಿ ನಿಗದಿ ಮಾಡುತ್ತಾರೆ. ನಾಚಿಕೆಯಿಂದ ಎಂಟು ಕಿಲೋ ಇಳಿಸಿ ಹೇಳಿದವರೊಬ್ಬರ ಸ್ಕೀ ಪ್ರತಿ ತಿರುವಿನಲ್ಲೂ ಕಳಚಿಕೊಳ್ಳುತ್ತಿತ್ತು. ಅನುಭವ ಹೆಚ್ಚಿಸಿ ಹೇಳುವ ಗಂಡಸರದು ಇನ್ನೂ ಅಪಾಯದ ಸ್ಥಿತಿ, ಅವರ ಸ್ಕೀ ಕಳಚಬೇಕಾದಾಗ ಕಳಚದೆ ಮೊಣಕಾಲು ತಿರುಚಿಕೊಳ್ಳುತ್ತದೆ.

ಎರಡುಜಡೆ

ಆ ಎಂಟು ಕಿಲೋ ಇಳಿಸಿದವರು ಯಾರೆಂದು ನಾನು ಕೇಳುವುದಿಲ್ಲ.

ಹಳೆಬಕಲ್

ಕೇಳದಿರುವುದೇ ಒಳ್ಳೆಯದು ಅಕ್ಕ.

ಲೆಕ್ಕಿಗ

ವಾರದ ಆಯ್ಕೆಯ ಬಗ್ಗೆ ಇನ್ನೂ ಯಾರೂ ಉತ್ತರಿಸಿಲ್ಲ, ಹಣದ ದೃಷ್ಟಿಯಿಂದ ಅದೇ ಮುಖ್ಯ. ಫೆಬ್ರವರಿ ದುಬಾರಿಯಾಗುವುದಕ್ಕೆ ಕಾರಣ ಹಿಮವಲ್ಲ, ಶಾಲಾ ರಜೆ. ಫ್ರಾನ್ಸ್ ತನ್ನ ಶಾಲೆಗಳನ್ನು ಎ, ಬಿ, ಸಿ ಎಂದು ಮೂರು ವಲಯಗಳಾಗಿ ವಿಂಗಡಿಸಿ, ಪ್ರತಿ ವಲಯಕ್ಕೂ ಎರಡು ವಾರ ರಜೆಯನ್ನು ಒಂದರ ಹಿಂದೊಂದು ಸರಿಸಿ ಕೊಡುತ್ತದೆ. ಹಾಗಾಗಿ ಸುಮಾರು ನಾಲ್ಕು ವಾರ ಬೆಟ್ಟಗಳು ತುಂಬಿಯೇ ಇರುತ್ತವೆ. ಆಸ್ಟ್ರಿಯಾದ ಶಾಲೆಗಳಿಗೂ ಫೆಬ್ರವರಿಯಲ್ಲೇ ಒಂದು ವಾರ ರಜೆಯಿದೆ, ಅದೂ ಎಲ್ಲ ಪ್ರಾಂತ್ಯಗಳಿಗೂ ಒಂದೇ ವಾರವಲ್ಲ. ನೆರೆಯ ದೇಶಗಳವರು ಕಾರ್ನಿವಲ್ ರಜೆಗೆ ಬರುತ್ತಾರೆ. ಇವೆಲ್ಲ ಒಂದರ ಮೇಲೊಂದು ಬಂದ ವಾರದಲ್ಲಿ ಅದೇ ಕೋಣೆ, ಅದೇ ಹಾಸಿಗೆ, ಅದೇ ಲಿಫ್ಟ್‌ಗೆ ನೀವು ಬಹಳ ಹೆಚ್ಚು ಕೊಟ್ಟು, ಮೇಲಾಗಿ ಸಾಲಿನಲ್ಲಿ ನಿಂತು ನಡುಗುತ್ತೀರಿ.

ಅಗ್ಗದ ಕಿಟಕಿಗಳು ಎರಡು. ಒಂದು, ಜನವರಿ 6ರ ಕ್ರೈಸ್ತರ ಹಬ್ಬ ಮುಗಿದ ಮೇಲೆ ತಿಂಗಳ ಕೊನೆಯವರೆಗೆ. ಆಗ ಹಿಮ ಚೆನ್ನಾಗಿರುತ್ತದೆ, ಆದರೆ ಹಗಲು ಚಿಕ್ಕದು, ಚಳಿ ಕಟುವಾದದ್ದು. ಇನ್ನೊಂದು, ಮಾರ್ಚ್ ಮಧ್ಯಭಾಗ. ಬಿಸಿಲು ಹೆಚ್ಚು, ಹಗಲು ಉದ್ದ, ಚಿಕ್ಕ ಮಕ್ಕಳ ಬೆರಳು ಮರಗಟ್ಟುವುದಿಲ್ಲ. ಮಧ್ಯಾಹ್ನದ ಮೇಲೆ ತಗ್ಗಿನ ಇಳಿಜಾರು ಗಂಜಿಯಂತಾಗುತ್ತದೆ ಎಂಬುದು ನಿಜ, ಆದರೆ ನಿಮ್ಮ ಮಕ್ಕಳು ಅಷ್ಟು ಹೊತ್ತಿಗೆ ದಣಿದಿರುತ್ತಾರೆ. ಈಸ್ಟರ್ ಯಾವಾಗ ಬರುತ್ತದೆಂದು ಪಂಚಾಂಗ ನೋಡಿಕೊಳ್ಳಿ, ಅದು ವರ್ಷದಿಂದ ವರ್ಷಕ್ಕೆ ಸರಿಯುತ್ತದೆ, ಬೆಲೆಯೂ ಅದರ ಜೊತೆಗೇ ಸರಿಯುತ್ತದೆ.

ಲಿಫ್ಟ್ ಪಾಸ್ ವಿಷಯದಲ್ಲಿಯೂ ಅವಸರ ಬೇಡ. ನಿಮ್ಮ ಪತ್ನಿಯವರಿಗೆ ಮೊದಲ ದಿನವೇ ಆರು ದಿನದ ಪೂರ್ಣ ಪಾಸ್ ಕೊಳ್ಳಬೇಡಿ. ಅನೇಕ ಊರುಗಳಲ್ಲಿ ಕಲಿಯುವವರ ಪುಟ್ಟ ಲಿಫ್ಟ್‌ಗಳು ಉಚಿತ, ಇಲ್ಲವೇ ಅವಕ್ಕೆ ಬೇರೆಯೇ ಅಗ್ಗದ ಪಾಸ್ ಇರುತ್ತದೆ. 'ಮೂರು ಕಣಿವೆ'ಗಳಲ್ಲಿ ಐದು ವರ್ಷ ತುಂಬದ ಮಕ್ಕಳಿಗೆ ಪಾಸ್ ಉಚಿತ, ಆದರೆ ವಯಸ್ಸಿನ ದಾಖಲೆ ತೋರಿಸಿ ಕಾರ್ಡ್ ಪಡೆಯಲೇಬೇಕು.

ರೈಲುಪ್ರೇಮಿ

ಶನಿವಾರ ಮಧ್ಯಾಹ್ನ ಕಾರಿನಲ್ಲಿ, ವಾಲ್ ಥೊರೆನ್ಸ್‌ಗೆ ಹೋಗುವ ದಾರಿಯ ತಾರಾಂತೇಸ್ ಕಣಿವೆಯನ್ನು ಏರುವ ಯೋಚನೆಯಿದ್ದರೆ ಬಿಟ್ಟುಬಿಡಿ. ಫ್ರಾನ್ಸ್‌ನ ಬಹುತೇಕ ವಸತಿಗಳು ಶನಿವಾರದಿಂದ ಶನಿವಾರಕ್ಕೆ ಬಾಡಿಗೆಗೆ ಹೋಗುತ್ತವೆ. ಒಂದೇ ದಿನ ಇಡೀ ಕಣಿವೆ ಇಳಿಯುತ್ತದೆ, ಇಡೀ ಕಣಿವೆ ಏರುತ್ತದೆ. ಆ ದಾರಿಯ ಆಲ್ಬರ್ಟ್‌ವಿಲ್ ಮತ್ತು ಮೂತಿಯೆ ಊರುಗಳ ನಡುವೆ ನಾನು ಕಾರಿನಲ್ಲಿ ಕಳೆದ ಗಂಟೆಗಳಲ್ಲಿ ಒಂದು ಭಾಷೆ ಕಲಿಯಬಹುದಿತ್ತು.

ರೈಲಿನಲ್ಲಿ ಹೋಗಿ. ಅದೇ ಕಣಿವೆಯ ಬೂರ್-ಸೇಂಟ್-ಮೊರಿಸ್ ನಿಲ್ದಾಣದಲ್ಲಿ ಇಳಿದರೆ ಪಕ್ಕದಿಂದಲೇ ಹೊರಡುವ ಫ್ಯುನಿಕ್ಯುಲರ್, ಅಂದರೆ ಹಗ್ಗ ಎಳೆಯುವ ಬೆಟ್ಟದ ರೈಲು, ಏಳು ನಿಮಿಷದಲ್ಲಿ ಲೆಝಾರ್ಕ್ ಎಂಬ ಸ್ಕೀ ಊರಿಗೆ ಏರಿಸುತ್ತದೆ. ಆಸ್ಟ್ರಿಯಾದ ಸಾಂಕ್ಟ್ ಆಂಟೋನ್ ಎಂಬ ಸ್ಕೀ ಊರಿನಲ್ಲಿ ದೂರದ ರೈಲುಗಳೇ ಊರೊಳಗೆ ನಿಲ್ಲುತ್ತವೆ. ಜೆರ್ಮಾಟ್‌ಗಂತೂ ಕಾರು ಹೋಗುವಂತೆಯೇ ಇಲ್ಲ. ಕಾರಿನವರು ಐದು ಕಿಲೋಮೀಟರ್ ಕೆಳಗೆ ಟೇಷ್‌ನಲ್ಲಿ ನಿಲ್ಲಿಸಿ ರೈಲು ಹತ್ತಬೇಕು, ಹಾಗಿದ್ದ ಮೇಲೆ ಮೊದಲಿನಿಂದಲೇ ರೈಲಿನಲ್ಲಿ ಬಂದರಾಯಿತು. ಸೆರ್ಫಾವುಸ್‌ಗೆ ಲಾಂಡೆಕ್ ನಿಲ್ದಾಣದಿಂದ ಬಸ್ಸಿದೆ.

ಕಪ್ಪುಇಳಿಜಾರು

ಐದು ಜನ, ಆರು ಪೆಟ್ಟಿಗೆ, ಎರಡು ರೈಲು ಬದಲಾವಣೆ, ಒಂದು ಬಸ್ಸು. ತಮಗೆ ಮಕ್ಕಳಿದ್ದಾರೆಯೇ, ರೈಲುಪ್ರೇಮಿಯವರೇ?

ರೈಲುಪ್ರೇಮಿ

ಮೂವರಿದ್ದಾರೆ. ಬೂಟು, ಸ್ಕೀ, ಹೆಲ್ಮೆಟ್ ಎಲ್ಲವನ್ನೂ ಅಲ್ಲೇ ಬಾಡಿಗೆಗೆ ಪಡೆದರೆ ಆರು ಪೆಟ್ಟಿಗೆ ಮೂರಾಗುತ್ತವೆ. ಕಾರೇ ಬೇಕೆನ್ನುವವರು ಕಾನೂನನ್ನೂ ತಿಳಿದಿರಲಿ: ಆಸ್ಟ್ರಿಯಾದಲ್ಲಿ ನವೆಂಬರ್ 1ರಿಂದ ಏಪ್ರಿಲ್ 15ರವರೆಗೆ ರಸ್ತೆಯಲ್ಲಿ ಹಿಮವೋ ಮಂಜುಗಡ್ಡೆಯೋ ಇದ್ದರೆ ಚಳಿಗಾಲದ ಟೈರ್ ಕಡ್ಡಾಯ. ಫ್ರಾನ್ಸ್‌ನ ಬೆಟ್ಟದ ಪ್ರದೇಶಗಳಲ್ಲಿ ನವೆಂಬರ್ 1ರಿಂದ ಮಾರ್ಚ್ 31ರವರೆಗೆ ಅಂಥ ಟೈರ್ ಇರಬೇಕು, ಇಲ್ಲವೇ ಕಾರಿನಲ್ಲಿ ಸರಪಳಿ ಇರಬೇಕು. ಕತ್ತಲಲ್ಲಿ, ಹಿಮ ಸುರಿಯುವಾಗ, ಹಿಂದೆ ಹತ್ತು ಕಾರುಗಳು ಹಾರ್ನ್ ಹೊಡೆಯುತ್ತಿರುವಾಗ ಜೀವಮಾನದಲ್ಲಿ ಮೊದಲ ಬಾರಿ ಚಕ್ರಕ್ಕೆ ಸರಪಳಿ ಕಟ್ಟಿ ನೋಡಿ, ಆಮೇಲೆ ಮಾತಾಡೋಣ.

ಕಾಗದಪತ್ರ

ವಿಮೆಯ ಬಗ್ಗೆ ಒಂದು ಎಚ್ಚರಿಕೆ ಹೇಳಬೇಕು. ಈ ದೇಶಗಳಿಗೆಲ್ಲ ಸಲ್ಲುವ ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ, ಅದನ್ನು ಎಲ್ಲರೂ ಮಾಡಿಸುತ್ತಾರೆ, ಮಾಡಿಸಿ ನಿಶ್ಚಿಂತರಾಗುತ್ತಾರೆ. ಆದರೆ ಅಗ್ಗದ ಪಾಲಿಸಿಗಳಲ್ಲಿ ಅನೇಕವು ಚಳಿಗಾಲದ ಕ್ರೀಡೆಗಳನ್ನು ಹೊರಗಿಟ್ಟಿರುತ್ತವೆ, ಸಣ್ಣ ಅಕ್ಷರಗಳನ್ನು ಓದಿದರೆ ಮಾತ್ರ ಅದು ತಿಳಿಯುತ್ತದೆ. ನನ್ನ ಪರಿಚಿತರೊಬ್ಬರು ಮೊಣಕಾಲು ಮುರಿದುಕೊಂಡಾಗ ಹೆಲಿಕಾಪ್ಟರಿನ ಬಿಲ್ಲು ಆಸ್ಪತ್ರೆಯ ಬಿಲ್ಲಿಗಿಂತ ಮೊದಲು ಬಂತು, ವಿಮೆಯವರು ನಯವಾಗಿ ಕೈಚೆಲ್ಲಿದರು.

ಮೂರು ವಿಷಯಗಳು ಪಾಲಿಸಿಯಲ್ಲಿ ಬರಹದಲ್ಲೇ ಇರಬೇಕು: ಇಳಿಜಾರಿನಿಂದ ಕೆಳಗೆ ತರುವ ರಕ್ಷಣಾ ವೆಚ್ಚ, ಹೆಲಿಕಾಪ್ಟರ್, ಮತ್ತು ನೀವು ಬೇರೆಯವರಿಗೆ ಡಿಕ್ಕಿ ಹೊಡೆದರೆ ಅವರಿಗಾಗುವ ನಷ್ಟದ ಹೊಣೆ. ಈ ಮೂರನೆಯದು ಇಟಲಿಯ ಇಳಿಜಾರುಗಳಲ್ಲಿ 2022ರ ಜನವರಿ 1ರಿಂದ ಕಾನೂನಿನ ಪ್ರಕಾರವೇ ಕಡ್ಡಾಯ. ಫ್ರಾನ್ಸ್‌ನಲ್ಲಿ ಲಿಫ್ಟ್ ಪಾಸ್ ಕೊಳ್ಳುವಾಗಲೇ 'ಕಾರೆ ನೇಜ್' ಎಂಬ ದಿನದ ಲೆಕ್ಕದ ವಿಮೆಯನ್ನು ಸೇರಿಸಿಕೊಳ್ಳಬಹುದು.

ನಿಧಾನವೇಸುಖ

ಹೆಲ್ಮೆಟ್ ಈಗ ಯುರೋಪಿನ ಎಲ್ಲ ದೇಶಗಳಲ್ಲೂ ಎಲ್ಲರಿಗೂ ಕಡ್ಡಾಯವಾಗಿದೆ, ಅದನ್ನು ಮರೆಯಬೇಡಿ.

ಕಾಗದಪತ್ರ

ತಪ್ಪು. ಇಟಲಿಯಲ್ಲಿ ಮೊದಲು 14 ವರ್ಷದೊಳಗಿನವರಿಗೆ, 2022ರಿಂದ 18 ವರ್ಷದೊಳಗಿನವರಿಗೆ, 2025ರ ನವೆಂಬರಿನಿಂದ ಎಲ್ಲ ವಯಸ್ಸಿನವರಿಗೂ ಕಡ್ಡಾಯವಾಗಿದೆ. ಆಸ್ಟ್ರಿಯಾದ ಹೆಚ್ಚಿನ ಪ್ರಾಂತ್ಯಗಳಲ್ಲಿ 15 ವರ್ಷದೊಳಗಿನ ಮಕ್ಕಳಿಗೆ ಕಡ್ಡಾಯ, ಆದರೆ ಟಿರೋಲ್ ಮತ್ತು ಫೋರಾರ್ಲ್‌ಬರ್ಗ್ ಪ್ರಾಂತ್ಯಗಳಲ್ಲಿ ಆ ಕಾನೂನಿಲ್ಲ. ಫ್ರಾನ್ಸ್, ಸ್ವಿಟ್ಜರ್ಲೆಂಡ್‌ಗಳಲ್ಲಿ ಇಂಥ ಸಾಮಾನ್ಯ ಕಾನೂನು ಇಲ್ಲ. ಕಾನೂನಿಲ್ಲವೆಂದು ತಲೆಗೆ ಪೆಟ್ಟಾಗದೆ ಇರುವುದಿಲ್ಲ, ಅದು ಬೇರೆ ಮಾತು.

ನಿಧಾನವೇಸುಖ

ತಿದ್ದಿದ್ದಕ್ಕೆ ಧನ್ಯವಾದ. ನನ್ನ ಸಲಹೆ ಮಾತ್ರ ಹಾಗೇ ಇರಲಿ.

ಅಮ್ಮನಸಾರಥಿ

ಅಜ್ಜಿಯವರನ್ನು ಎಲ್ಲರೂ ಮರೆತೇಬಿಟ್ಟಿದ್ದೀರಿ. ನಾನು ನನ್ನ ತಾಯಿಯವರನ್ನು ಎರಡು ಬಾರಿ ಕರೆದೊಯ್ದಿದ್ದೇನೆ. ಮೊದಲ ಬಾರಿ ಅವರು ಐದು ದಿನ ಕೋಣೆಯ ಕಿಟಕಿಯಿಂದ ವಾಹನ ನಿಲ್ದಾಣವನ್ನು ನೋಡುತ್ತ ಕುಳಿತರು, ಏಕೆಂದರೆ ನಾವು ಆರಿಸಿದ ಊರಿನಲ್ಲಿ ಸ್ಕೀ ಮಾಡದವರು ನಡೆಯಲು ಒಂದು ಹಾದಿಯೂ ಇರಲಿಲ್ಲ. ದೂರದ ಬೆಟ್ಟ ನುಣ್ಣಗೆ ಎನ್ನುವುದನ್ನು ಅವರು ಆ ವಾರ ನನಗೆ ಹತ್ತು ಸಲವಾದರೂ ಹೇಳಿದರು.

ಎರಡನೆಯ ಬಾರಿ ಇಟಲಿಯ ದಕ್ಷಿಣ ಟಿರೋಲ್‌ನ ಸೈಸರ್ ಆಲ್ಮ್‌ಗೆ ಹೋದೆವು. ಡೊಲೊಮೈಟ್ ಶಿಖರಗಳ ನಡುವೆ ಹರಡಿರುವ ವಿಶಾಲವಾದ, ಹೆಚ್ಚು ಏರಿಳಿತವಿಲ್ಲದ ಹುಲ್ಲುಗಾವಲದು. ಚಳಿಗಾಲದಲ್ಲಿ ಅಲ್ಲಿ ಹಿಮವನ್ನು ಯಂತ್ರದಿಂದ ತುಳಿದು ಗಟ್ಟಿ ಮಾಡಿದ ಕಾಲುದಾರಿಗಳಿರುತ್ತವೆ, ಕುದುರೆ ಎಳೆಯುವ ಜಾರುಬಂಡಿಗಳಿರುತ್ತವೆ, ಬಿಸಿಲಿಗೆ ಮುಖ ಮಾಡಿ ಕೂರಲು ಬೆಂಚುಗಳಿರುತ್ತವೆ. ಮಕ್ಕಳು ಜಾರುವುದನ್ನು ಅಮ್ಮ ಹತ್ತಿರದಿಂದಲೇ ನೋಡುತ್ತಿದ್ದರು, ಮಧ್ಯಾಹ್ನ ಮರದ ಮನೆಯಂಥ ಊಟದ ತಾಣದಲ್ಲಿ ನಾವೆಲ್ಲ ಸೇರುತ್ತಿದ್ದೆವು. ಆ ಸೀಮೆಯಲ್ಲಿ ಜರ್ಮನ್ ಮತ್ತು ಇಟಾಲಿಯನ್ ಜೊತೆಗೆ ಲಾದಿನ್ ಎಂಬ ಹಳೆಯ ಭಾಷೆಯನ್ನೂ ಆಡುತ್ತಾರೆ. ಅಮ್ಮ ಜಾರುಬಂಡಿಯವನ ಹತ್ತಿರ ಕನ್ನಡದಲ್ಲೇ ಮಾತನಾಡಿದರು, ಇಬ್ಬರಿಗೂ ಯಾವ ತೊಂದರೆಯೂ ಆದಂತೆ ಕಾಣಲಿಲ್ಲ.

ಊರು ಆರಿಸುವಾಗ ಎರಡು ಪ್ರಶ್ನೆ ಕೇಳಿ. ಚಳಿಗಾಲದ ನಡಿಗೆ ಹಾದಿಗಳಿವೆಯೇ? ಸ್ಕೀ ಇಲ್ಲದವರು ಗೊಂಡೋಲಾದಲ್ಲಿ ಮೇಲೆ ಹೋಗಿ ಅದರಲ್ಲೇ ಕೆಳಗೆ ಬರಬಹುದೇ? ತೆರೆದ ಕುರ್ಚಿಗಳ ಚೇರ್‌ಲಿಫ್ಟ್ ಮಾತ್ರ ಇರುವ ಕಡೆ ಇದು ಕಷ್ಟ. ಕಪ್ಪು ಕನ್ನಡಕವನ್ನೂ ಮರೆಯಬೇಡಿ. ಹೊಸ ಹಿಮ ಅತಿನೇರಳೆ ಕಿರಣಗಳಲ್ಲಿ 80 ಪ್ರತಿಶತದಷ್ಟನ್ನು ಹಿಂದಕ್ಕೆ ಹೊಡೆಯಬಲ್ಲದು, ಮೇಲೇರಿದಂತೆ ಕಿರಣಗಳೂ ತೀಕ್ಷ್ಣವಾಗುತ್ತವೆ. ಬೆಂಚಿನ ಮೇಲೆ ಸುಮ್ಮನೆ ಕುಳಿತವರೇ ಮೊದಲು ಸುಟ್ಟುಕೊಳ್ಳುವುದು.

ಎರಡುಜಡೆ

ಊಟದ ಮಾತು ಬಂದದ್ದರಿಂದ ಕೇಳುತ್ತೇನೆ: ಅಜ್ಜಿಯವರು ಶಾಕಾಹಾರಿಗಳೇ? ಬೆಟ್ಟದ ಮೇಲೆ ಚೀಸ್, ಆಲೂಗಡ್ಡೆ, ಹಿಟ್ಟಿನ ತಿನಿಸು ಹೇರಳ. ಆದರೆ 'ಮಾಂಸವಿಲ್ಲ' ಎಂದ ಮಾತ್ರಕ್ಕೆ ನಂಬಬೇಡಿ. ಕೇಸ್‌ಷ್ಪೆಟ್ಸ್‌ಲೆ ಎಂಬ ಚೀಸ್ ಬೆರೆಸಿದ ಹಿಟ್ಟಿನ ತಿನಿಸಿನಲ್ಲೂ ಕೈಸರ್‌ಷ್ಮಾರ್ನ್ ಎಂಬ ಸಿಹಿ ದೋಸೆಯ ಚೂರುಗಳಲ್ಲೂ ಮೊಟ್ಟೆಯಿದೆ, ಫ್ರಾನ್ಸ್‌ನ ಸಾವೊಯ್ ಸೀಮೆಯ ಆಲೂಗಡ್ಡೆ-ಚೀಸ್ ಖಾದ್ಯ ತಾರ್ತಿಫ್ಲೆತ್‌ನಲ್ಲಿ ಹಂದಿಮಾಂಸದ ಚೂರುಗಳಿರುತ್ತವೆ, ಸೂಪಿನ ತಳದಲ್ಲಿ ಮೂಳೆಯ ಸಾರು ಇರಬಹುದು.

ಹಳೆಬಕಲ್

ಗ್ರುಯೇರ್‌ನಂಥ ಸಾಂಪ್ರದಾಯಿಕ ಚೀಸ್‌ಗಳನ್ನು ಹೆಪ್ಪುಗಟ್ಟಿಸುವುದೂ ಕರುವಿನ ಹೊಟ್ಟೆಯಿಂದ ತೆಗೆದ ರೆನ್ನೆಟ್‌ನಿಂದ. ಕಟ್ಟುನಿಟ್ಟಿನವರಿಗೆ ಕರಗಿಸಿದ ಚೀಸ್‌ನ ಫಾಂಡ್ಯೂ ಕೂಡ ಸಲ್ಲದು.

ಮೊದಲಹಿಮ

ಇಷ್ಟು ವಿವರವಾಗಿ ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ತಾಯಿಯವರು ಶಾಕಾಹಾರಿ, ಮೊಟ್ಟೆಯೂ ಇಲ್ಲ. ಆದ್ದರಿಂದ ಅಡುಗೆಮನೆ ಇರುವ ವಸತಿಯನ್ನೇ ಹುಡುಕುತ್ತೇನೆ. ಕೋಷ್ಟಕದಲ್ಲಿ ಶಾಲೆಯ ದೂರ ಮತ್ತು ನಡಿಗೆ ಹಾದಿಯ ಅಂಕಣಗಳನ್ನು ಸೇರಿಸಿದ ಕೂಡಲೇ ಮೂರನೆಯ ಸ್ಥಾನದಲ್ಲಿದ್ದ ಸೆರ್ಫಾವುಸ್ ಮೊದಲಿಗೆ ಬಂತು, ಪಟ್ಟಿಯಲ್ಲೇ ಇಲ್ಲದ ಸೈಸರ್ ಆಲ್ಮ್ ಎರಡನೆಯದಾಯಿತು. ವಾರ ಮಾತ್ರ ಮಾರ್ಚ್ ಮಧ್ಯದ್ದೇ ಎಂದು ತೀರ್ಮಾನವಾಗಿದೆ.

ಇನ್ನೊಂದು ಪ್ರಶ್ನೆ. ಮಕ್ಕಳನ್ನು ಶಾಲೆಗೆ ಸೇರಿಸುತ್ತೇನೆ. ಪತ್ನಿಗೆ ನಾನೇ ಕಲಿಸಿದರೆ ಒಂದಷ್ಟು ಹಣ ಉಳಿಯುತ್ತದೆಯಲ್ಲವೇ?

ಎರಡುಜಡೆ

ಬೇಡ.

ಲೆಕ್ಕಿಗ

ಲೆಕ್ಕದ ಪ್ರಕಾರ ಉಳಿಯುತ್ತದೆ. ಆದರೂ ಬೇಡ.

ಇನ್‌ಕಣಿವೆ

ನಾಲ್ಕು ದಿನ ಕಲಿತವರು ಕಲಿಸಲು ಹೊರಟರೆ ಇಬ್ಬರಿಗೂ ಮತ್ತೆ ಶಾಲೆ ಬೇಕಾಗುತ್ತದೆ. ತಾವೂ ಸೇರಿ, ಸರ್. ಹಗುರವಾಗಿ ಹೇಳುತ್ತಿಲ್ಲ, ತಪ್ಪು ನಿಲುವು ಒಮ್ಮೆ ಅಭ್ಯಾಸವಾದರೆ ಬಿಡಿಸುವುದು ಬಹಳ ಕಷ್ಟ. ಆಸ್ಟ್ರಿಯಾದಲ್ಲಿ ವಾರದ ಗುಂಪು ತರಗತಿಗಳು ಸಾಮಾನ್ಯವಾಗಿ ಭಾನುವಾರ ಅಥವಾ ಸೋಮವಾರ ಶುರುವಾಗುತ್ತವೆ. ಮಂಗಳವಾರ ಬಂದಿಳಿದರೆ ನಡುವೆ ಸೇರಿಸಿಕೊಳ್ಳುವುದು ಕಷ್ಟ. ಆದ್ದರಿಂದ ಶನಿವಾರವೇ ತಲುಪಿ, ಅಂದು ಸಂಜೆಯೇ ಬೂಟು ತೆಗೆದುಕೊಳ್ಳಿ.

ಮಗನ ವಿಷಯದಲ್ಲಿ ಹೇಳುವುದಾದರೆ, ಅವನಿಗೆ ಮೊದಲೆರಡು ದಿನ ಅರ್ಧ ದಿನದ ತರಗತಿ ಸಾಕು. ಅವನನ್ನು ಶಿಕ್ಷಕರಿಗೆ ಒಪ್ಪಿಸಿದ ಮೇಲೆ ಕಣ್ಣಿಗೆ ಕಾಣದಷ್ಟು ದೂರ ಹೋಗಿಬಿಡಿ. ಬೇಲಿಯ ಪಕ್ಕದಲ್ಲಿ ನಿಂತು ಕೈಬೀಸುವ ತಂದೆ-ತಾಯಿಯರ ಮಕ್ಕಳೇ ಹೆಚ್ಚು ಅಳುತ್ತಾರೆ. ಅವನ ಜೇಬಿನಲ್ಲಿ ನಿಮ್ಮ ಫೋನ್ ಸಂಖ್ಯೆ ಬರೆದ ಚೀಟಿಯಿರಲಿ, ಇನ್ನೊಂದು ಜೊತೆ ಕೈಗವಸೂ ಇರಲಿ. ಬೆರಳು ಬಿಡಿಬಿಡಿಯಾಗಿರುವುದಲ್ಲ, ಚೀಲದಂಥದ್ದು.

ಕಪ್ಪುಇಳಿಜಾರು

ಈ ಒಂದು ವಿಷಯದಲ್ಲಿ ಇನ್‌ಕಣಿವೆಯವರನ್ನು ಪೂರ್ತಿ ಒಪ್ಪುತ್ತೇನೆ. ಬಣ್ಣಗಳ ಬಗ್ಗೆಯೂ ತಿಳಿದಿರಲಿ. ಫ್ರಾನ್ಸ್‌ನಲ್ಲಿ ಹಸಿರು, ನೀಲಿ, ಕೆಂಪು, ಕಪ್ಪು ಎಂದು ನಾಲ್ಕು ದರ್ಜೆ. ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್, ಇಟಲಿಗಳಲ್ಲಿ ಸಾಮಾನ್ಯವಾಗಿ ಹಸಿರಿಲ್ಲ, ನೀಲಿಯೇ ಅತಿ ಸುಲಭದ್ದು. ಅಲ್ಲಿನ ನೀಲಿಯಲ್ಲಿ ತೀರ ಚಪ್ಪಟೆಯೂ ಸಿಗುತ್ತದೆ, ಮೊದಲ ವಾರದವರು ಬೆವರುವಂಥದ್ದೂ ಸಿಗುತ್ತದೆ. ಬಣ್ಣ ನೋಡಿ ಮಗಳನ್ನು ಕರೆದೊಯ್ಯಬೇಡಿ, ಯಾವುದಕ್ಕೆ ಹೋಗಬಹುದೆಂದು ಅವಳ ಶಿಕ್ಷಕರನ್ನು ಕೇಳಿ. ಅಂತರರಾಷ್ಟ್ರೀಯ ಸ್ಕೀ ಒಕ್ಕೂಟದ ಹತ್ತು ನಿಯಮಗಳನ್ನೂ ಎಲ್ಲರೂ ಒಮ್ಮೆ ಓದಿ. ಹಿಂದಿನಿಂದ, ಅಂದರೆ ಮೇಲಿನಿಂದ ಬರುವವನೇ ಮುಂದಿರುವವನಿಗೆ ತೊಂದರೆಯಾಗದಂತೆ ದಾರಿ ಆರಿಸಿಕೊಳ್ಳಬೇಕು ಎಂಬುದು ಅದರಲ್ಲಿದೆ. ಇಳಿಜಾರಿನ ನಡುವೆ, ತಿರುವಿನ ಮರೆಯಲ್ಲಿ ನಿಂತು ಫೋಟೋ ತೆಗೆಯಬಾರದು ಎಂಬರ್ಥದ ನಿಯಮವೂ ಇದೆ.

ಸೆರ್ಫಾವುಸ್ ಬಗ್ಗೆ ನನ್ನ ತಕರಾರು ಮಾತ್ರ ಇನ್ನೂ ಉಳಿದಿದೆ. ಮಾರ್ಚ್‌ನಲ್ಲಿ ಹುಲ್ಲು ಕಂಡರೆ ನನ್ನನ್ನು ನೆನೆಸಿಕೊಳ್ಳಿ.

ಮೊದಲಹಿಮ

ಪತ್ನಿ ಈ ಉತ್ತರಗಳನ್ನೆಲ್ಲ ಓದಿದರು. ಇಬ್ಬರಿಗೂ ತರಗತಿ, ಅದೂ ಬೇರೆ ಬೇರೆ ಗುಂಪಿನಲ್ಲಿ ಎಂದು ನಿರ್ಧಾರವಾಗಿದೆ. ಶಾಲೆಯವರಿಗೆ ಇಂದೇ ಬರೆದಿದ್ದೇನೆ. ಮಗನಿಗೆ ಜಾಗ ಖಚಿತವಾದ ಮೇಲೆಯೇ ವಸತಿಗೆ ಮುಂಗಡ ಕೊಡುತ್ತೇನೆ. ಈಗ ತಾಯಿಯವರ ಕಡೆಯಿಂದ ಒಂದು ಪ್ರಶ್ನೆ: ಹಿಮದಲ್ಲಿ ನಡೆಯಲು ಅವರಿಗೆ ಯಾವ ಪಾದರಕ್ಷೆ ಕೊಳ್ಳಬೇಕು?

ಅಮ್ಮನಸಾರಥಿ

ಕಣಕಾಲು ಮುಚ್ಚುವಂಥ, ನೀರು ಇಳಿಯದ, ಅಟ್ಟೆಯಲ್ಲಿ ಆಳವಾದ ಗೀರುಗಳಿರುವ ಬೂಟು. ಅದರ ಮೇಲೆ ತೊಡಿಸಲು ರಬ್ಬರಿನ ಪಟ್ಟಿಗೆ ಸಣ್ಣ ಉಕ್ಕಿನ ಮೊಳೆಗಳಿರುವ ಹಿಡಿಪು ಸಿಗುತ್ತದೆ, ಅದನ್ನೂ ತೆಗೆದುಕೊಳ್ಳಿ. ಹಿಮಕ್ಕಿಂತ ಅಪಾಯವಾದದ್ದು ಬೆಳಗಿನ ಹೊತ್ತು ಊರ ಬೀದಿಯಲ್ಲಿರುವ ಮಂಜುಗಡ್ಡೆ. ಹಗಲು ಕರಗಿ ರಾತ್ರಿ ಗಟ್ಟಿಯಾದದ್ದು ಗಾಜಿನಂತಿರುತ್ತದೆ, ಮಾರ್ಚ್‌ನಲ್ಲಿ ಅದು ಇನ್ನೂ ಹೆಚ್ಚು. ಕೋಣೆಯೊಳಗೆ ಬರುವ ಮೊದಲು ಆ ಮೊಳೆಗಳನ್ನು ತೆಗೆಯಲು ನೆನಪಿಸಿ, ನನ್ನ ತಾಯಿಯವರು ಹೋಟೆಲಿನ ಮರದ ನೆಲದ ಮೇಲೆ ಬಾಗಿಲಿನಿಂದ ಊಟದ ಮೇಜಿನವರೆಗೂ ಗುರುತು ಮಾಡಿ ಬಂದಿದ್ದರು.